ಜುಲೈ ರಾತ್ರಿಯ ಲೆಕ್ಕ: ಪೆರ್ಲ ಕಡೆಯ ಒಂದು ಮನೆಗೆ ಸೋಲಾರ್ ಮತ್ತು ಬ್ಯಾಟರಿ

2024ರ ಜುಲೈ ಕೊನೆಯ ವಾರ. ರಾತ್ರಿ ಒಂಬತ್ತೂವರೆಗೆ ಅಕ್ಕನ ಫೋನ್ ಬಂತು. "ಕರೆಂಟ್ ಹೋಗಿ ಇವತ್ತಿಗೆ ಎರಡನೇ ದಿನ. ಇನ್ವರ್ಟರ್ ನಿನ್ನೆ ರಾತ್ರಿಯೇ ಕೂಗಿ ಕೂಗಿ ಸುಮ್ಮನಾಯಿತು. ಅತ್ತೆಯ ಏರ್ ಬೆಡ್ ಪೂರ್ತಿ ಇಳಿದಿದೆ. ಏನಾದರೂ ಮಾಡು ಮಾರಾಯ."

ಅಕ್ಕನ ಮನೆ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಬುಡದ ಅಡಿಕೆ ತೋಟದಲ್ಲಿ. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಮುಗಿಯಿತು. ಅದನ್ನು ಹುಡುಕಿ, ಕಡಿದು, ತಂತಿ ಎಳೆದು ಕರೆಂಟ್ ಕೊಡುವಷ್ಟರಲ್ಲಿ ಒಂದು ದಿನ ಹೋಗುತ್ತದೆ, ಕೆಲವೊಮ್ಮೆ ಎರಡು. ಆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ. ದೂರುವ ಮಾತೇ ಇಲ್ಲ.

ನಾನು ವಯರಿಂಗ್ ಕೆಲಸದವನು. ಗೆಳೆಯನ ಸಣ್ಣ ಜನರೇಟರನ್ನು ಜೀಪಿಗೆ ಹಾಕಿಕೊಂಡು ಹೋದೆ. ಭಾವನ ಅಮ್ಮನಿಗೆ 84 ವರ್ಷ, ಮಲಗಿದಲ್ಲೇ ಇದ್ದಾರೆ. ಬೆನ್ನಿಗೆ ಹುಣ್ಣಾಗಬಾರದು ಎಂದು ಗಾಳಿಯ ಹಾಸಿಗೆ. ಅದರ ಪುಟ್ಟ ಮೋಟಾರು ಮಂಚದ ಕಾಲಿಗೆ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಟಾರ್ಚ್ ಹಿಡಿದು ಅದರ ಹಿಂದಿನ ಚೀಟಿ ಓದಿದೆ. ಎಂಟು ವಾಟ್. ಒಂದು ಎಲ್‌ಇಡಿ ಬಲ್ಬಿನಷ್ಟು ಕೂಡ ಇಲ್ಲ. ಇಷ್ಟು ಸಣ್ಣ ಯಂತ್ರ ನಿಂತದ್ದಕ್ಕೆ ಅಕ್ಕ ಹಿಂದಿನ ರಾತ್ರಿಯಿಂದ ನಿದ್ದೆ ಬಿಟ್ಟು, ಗಂಟೆಗೊಮ್ಮೆ ಅತ್ತೆಯನ್ನು ಮಗ್ಗುಲು ತಿರುಗಿಸಿದ್ದಳು.

ಮನೆಯಲ್ಲಿ ಇನ್ವರ್ಟರ್ ಇತ್ತು. 150 ಆಂಪಿಯರ್ ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿ. 12 ವೋಲ್ಟಿಗೆ ಗುಣಿಸಿದರೆ 1.8 ಯೂನಿಟ್. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದು ಬೇಗ ಸಾಯುತ್ತದೆ. ಹಾಗಾಗಿ ನಿಜವಾಗಿ ಕೈಗೆ ಸಿಗುವುದು ಒಂದು ಯೂನಿಟಿಗಿಂತ ಕಡಿಮೆ. ಒಂದು ಸಂಜೆಗೆ ಸಾಕು. ಎರಡನೇ ದಿನ ಅದನ್ನು ತುಂಬಿಸುವವರು ಯಾರು? ಕರೆಂಟೇ ಇಲ್ಲವಲ್ಲ.

ಇನ್ನೊಂದು ವಿಷಯ ಆ ರಾತ್ರಿಯೇ ಗೊತ್ತಾಯಿತು. ಪಕ್ಕದ ಮನೆಯಲ್ಲಿ ಮಾಡಿನ ಮೇಲೆ 3 ಕಿಲೋವಾಟ್ ಸೋಲಾರ್ ಇತ್ತು. ಅಲ್ಲೂ ಕತ್ತಲೆ. ಹಗಲು ಮೋಡ ಸರಿದು ಬೆಳಕು ಬಂದಾಗಲೂ ಆ ಮನೆಗೆ ಕರೆಂಟ್ ಇರಲಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಗ್ರಿಡ್ ಸೋಲಾರ್ ಹಾಗೆಯೇ. ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ಅದರ ಇನ್ವರ್ಟರ್ ತಾನೂ ನಿಲ್ಲಲೇಬೇಕು. ಇಲ್ಲವಾದರೆ ಮನೆಯಿಂದ ಲೈನಿಗೆ ಕರೆಂಟ್ ಹರಿದು, ರಿಪೇರಿಗೆ ಕಂಬ ಹತ್ತಿದವನ ಜೀವ ಹೋಗುತ್ತದೆ. ಬಿಲ್ ಇಳಿಸಲು ಅದು ಒಳ್ಳೆಯದೇ, ಆದರೆ ಕತ್ತಲೆಗೆ ಅದು ಮದ್ದಲ್ಲ. ಇದನ್ನು ಮಾರುವವರು ಬಾಯಿಬಿಟ್ಟು ಹೇಳಬೇಕು, ಕೊಳ್ಳುವವರು ಕೇಳಬೇಕು.

ಬಂದ ಕೊಟೇಶನ್

ನವೆಂಬರ್‌ನಲ್ಲಿ ಭಾವ ಒಬ್ಬರನ್ನು ಕರೆಸಿ ಕೊಟೇಶನ್ ತೆಗೆಸಿದರು. 2 ಕಿಲೋವಾಟ್ ಪ್ಯಾನೆಲ್, 10 ಕಿಲೋವಾಟ್ ಅವರ್ ಅಂದರೆ ಹತ್ತು ಯೂನಿಟಿನ ಲಿಥಿಯಂ ಬ್ಯಾಟರಿ (ಐದೈದರ ಎರಡು), ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ನಡೆಸುವ 5 ಕಿಲೋವಾಟ್ ಹೈಬ್ರಿಡ್ ಇನ್ವರ್ಟರ್. ಒಟ್ಟು ನಾಲ್ಕೂಕಾಲು ಲಕ್ಷ ರೂಪಾಯಿ.

ಅವರ ಲೆಕ್ಕ ತಪ್ಪು ಎನ್ನುವ ಹಾಗಿರಲಿಲ್ಲ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ಅಕ್ಕನ ಮನೆಯ ಆರು ಬಿಲ್ ಕೂಡಿಸಿದರೆ ವರ್ಷಕ್ಕೆ ಎರಡೂವರೆ ಸಾವಿರ ಯೂನಿಟಿನ ಆಸುಪಾಸು. ನಮ್ಮ ಕಡೆ ಒಂದು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. 2 ಕಿಲೋವಾಟ್ ಅಂದರೆ ವರ್ಷಕ್ಕೆ ಸುಮಾರು 2900. ಬಿಲ್ಲಿಗೆ ಅಷ್ಟು ಸಾಕು. ಇನ್ನು ಬ್ಯಾಟರಿ ಅಷ್ಟು ದೊಡ್ಡದು ಯಾಕೆಂದರೆ, "ಬಾವಿಯ ಪಂಪ್ ಕೂಡ ಬ್ಯಾಟರಿಯಲ್ಲಿ ಓಡಬೇಕು" ಎಂದು ಭಾವ ಹೇಳಿದ್ದರು.

"ನೀನೊಮ್ಮೆ ನೋಡು" ಎಂದು ಕಾಗದ ನನ್ನ ಕೈಗೆ ಕೊಟ್ಟರು. ನೋಡಿದಾಗ ಅನಿಸಿದ್ದು ಇಷ್ಟು. ಇದರಲ್ಲಿ ಪ್ಯಾನೆಲ್‌ನ ಅಳತೆ ಬಂದದ್ದು ವರ್ಷದ ಬಿಲ್ಲಿನಿಂದ. ಬ್ಯಾಟರಿಯ ಅಳತೆ ಬಂದದ್ದು ಪಂಪಿನಿಂದ. ಅತ್ತೆಯ ಹಾಸಿಗೆಯ ಲೆಕ್ಕ, ಜುಲೈ ತಿಂಗಳ ಲೆಕ್ಕ ಎಲ್ಲಿಯೂ ಇಲ್ಲ.

"ಭಾವ, ಹದಿನೈದು ದಿನ ಕೊಡಿ. ಸುಮ್ನೆ ಬರೆದಿಡುವ. ಆಮೇಲೆ ಹೇಳ್ತೇನೆ" ಎಂದೆ.

ಹದಿನೈದು ದಿನದ ಪುಸ್ತಕ

ಅಕ್ಕ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲೇ ಬರೆದಳು. ಯಾವುದು ಎಷ್ಟು ಹೊತ್ತು ಓಡಿತು, ಅಷ್ಟೇ. ಫ್ರಿಜ್ಜಿಗೆ ನಾನು ಒಂದು ಪ್ಲಗ್ ಮೀಟರ್ ಸಿಕ್ಕಿಸಿ ಬಂದೆ, ಯಾಕೆಂದರೆ ಫ್ರಿಜ್ಜಿನ ಲೆಕ್ಕ ಗಂಟೆಯಿಂದ ಸಿಗುವುದಿಲ್ಲ. ಅದು ನಡುನಡುವೆ ನಿಂತು ಓಡುತ್ತದೆ. ಮೀಟರ್ ತೋರಿಸಿದ್ದು ದಿನಕ್ಕೆ 0.85 ಯೂನಿಟ್.

ಕರೆಂಟ್ ಹೋದಾಗಲೂ ನಿಲ್ಲಬಾರದ್ದು ಯಾವುದು ಎಂದು ಬೇರೆ ಮಾಡಿದೆವು. ಏರ್ ಬೆಡ್ಡಿನ ಮೋಟಾರು, ಅತ್ತೆಯ ಇನ್ಸುಲಿನ್ ಇರುವ ಫ್ರಿಜ್, ಎರಡು ಫ್ಯಾನ್, ಐದಾರು ಬಲ್ಬ್, ಮೊಬೈಲ್, ವೈಫೈ, ಸಂಜೆ ಸ್ವಲ್ಪ ಹೊತ್ತು ಟಿವಿ. ಹಳೇ ಫ್ಯಾನುಗಳು ತಲಾ 75 ವಾಟ್ ತಿನ್ನುತ್ತಿದ್ದವು. ಆ ಎರಡನ್ನು ಮಾತ್ರ 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಲು ಹೇಳಿದೆ. ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ ಫ್ಯಾನ್ ಬದಲಿಸುವುದು ಎಷ್ಟೋ ಅಗ್ಗ.

ಇದಕ್ಕೆ ಯಾರೂ ಸೇರಿಸದ ಒಂದು ಖರ್ಚು ಉಂಟು. ಇನ್ವರ್ಟರ್ ತಾನೇ ತಿನ್ನುವ ಕರೆಂಟ್. ಈ ಅಳತೆಯ ಹೈಬ್ರಿಡ್ ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ ಸುಮಾರು 50 ವಾಟ್ ಎಳೆಯುತ್ತದೆ. ದಿನಕ್ಕೆ 1.2 ಯೂನಿಟ್! ಆ ಮನೆಯ ಫ್ರಿಜ್ಜಿಗಿಂತ ಜಾಸ್ತಿ. ಕೊಟೇಶನ್‌ನ ಪಟ್ಟಿಯಲ್ಲಿ ಇದು ಇರಲಿಲ್ಲ.

ಎಲ್ಲಾ ಕೂಡಿಸಿದಾಗ ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ 2.3 ಯೂನಿಟ್. ಹಗಲಿಗೆ ಇನ್ನೊಂದು ಒಂದೂವರೆ. ದಿನಕ್ಕೆ ನಾಲ್ಕು ಯೂನಿಟಿನ ಒಳಗೆ ಜುಲೈ ದಿನ ಕಳೆಯುತ್ತದೆ.

ಇನ್ನು ಪಂಪ್. ಒಂದು ಎಚ್‌ಪಿ ಪಂಪ್ ಓಡುವಾಗ ಎಳೆಯುವುದು ಒಂದು ಕಿಲೋವಾಟ್ ಚಿಲ್ಲರೆ. ಆದರೆ ಸ್ಟಾರ್ಟ್ ಆಗುವ ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಹೊಡೆತ ತಡೆಯಬೇಕು ಎಂದೇ ದೊಡ್ಡ ಬ್ಯಾಟರಿ ಬರೆದಿದ್ದರು. ನಾನು ಅಕ್ಕನನ್ನು ಕೇಳಿದೆ, "ಮಳೆಗಾಲದಲ್ಲಿ ಪಂಪ್ ಎಷ್ಟು ಹೊತ್ತು ಹಾಕ್ತೀಯಾ?"

ಅವಳಿಗೆ ನಗು ಬಂತು. "ಮಳೆಗಾಲದಲ್ಲಿ ಪಂಪ್ ಯಾಕೆ? ಸುರಂಗದ ನೀರು ಉಂಟಲ್ಲ."

ಅಲ್ವಾ! ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗ. ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದು ಹೋದದ್ದು. ಮನೆಗಿಂತ ಎತ್ತರದಲ್ಲಿ ಇರುವುದರಿಂದ ಪೈಪಿನಲ್ಲಿ ತಾನಾಗಿ ಇಳಿದು ಟ್ಯಾಂಕಿಗೆ ಬೀಳುತ್ತದೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಧಾರಾಳ. ಅದು ಸೊರಗಿ ಬಾವಿಯ ಪಂಪ್ ಬೇಕಾಗುವುದು ಮಾರ್ಚ್, ಏಪ್ರಿಲ್, ಮೇ. ಆಗ ಮೇಲೆ ಉರಿಬಿಸಿಲು, ಪ್ಯಾನೆಲ್‌ನ ಕರೆಂಟಿನಲ್ಲೇ ಹಗಲು ಹೊತ್ತು ಪಂಪ್ ಓಡಿಸಬಹುದು. ಕರೆಂಟ್ ದಿನಗಟ್ಟಲೆ ಹೋಗುವ ತಿಂಗಳಿಗೂ ಪಂಪ್ ಬೇಕಾದ ತಿಂಗಳಿಗೂ ಈ ಮನೆಯಲ್ಲಿ ಸಂಬಂಧವೇ ಇಲ್ಲ. ತೋಟದ ಪಂಪಿಗೆ ಹೇಗೂ ಬೇರೆ ಕನೆಕ್ಷನ್. ಪಂಪನ್ನು ಬ್ಯಾಟರಿಯ ಪಟ್ಟಿಯಿಂದ ತೆಗೆದೆವು. ಅದರೊಂದಿಗೆ ಎರಡನೇ ಬ್ಯಾಟರಿಯೂ ಹೋಯಿತು.

ಪ್ಯಾನೆಲ್ ಜಾಸ್ತಿ, ಬ್ಯಾಟರಿ ಕಡಿಮೆ

ಹಾಗೆಂದು ಪ್ಯಾನೆಲ್ ಅಷ್ಟೇ ಇಡಲು ನನಗೆ ಮನಸ್ಸಾಗಲಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3500 ಮಿಲಿಮೀಟರ್. ಅದರ ದೊಡ್ಡ ಪಾಲು ಜೂನ್, ಜುಲೈಯಲ್ಲೇ. ಫೆಬ್ರವರಿಯಲ್ಲಿ ದಿನಕ್ಕೆ 14 ಯೂನಿಟ್ ಕೊಡುವ ಮೂರು ಕಿಲೋವಾಟ್ ಚಿಲ್ಲರೆ ಪ್ಯಾನೆಲ್ ಸಾಧಾರಣ ಮಳೆಯ ದಿನ ಆರೇಳು ಕೊಡಬಹುದು. ದಿನವಿಡೀ ಕಪ್ಪು ಮೋಡ ಕೂತರೆ ಎರಡೋ ಮೂರೋ. ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಒಮ್ಮೆ ಖಾಲಿಯಾದ ಮೇಲೆ ಅದನ್ನು ತುಂಬಿಸಬೇಕಾದ್ದು ಈ ಮೋಡದ ಬೆಳಕೇ.

ಆದ್ದರಿಂದ 540 ವಾಟಿನ ಆರು ಪ್ಯಾನೆಲ್, ಒಟ್ಟು 3.24 ಕಿಲೋವಾಟ್. ಬ್ಯಾಟರಿ 51.2 ವೋಲ್ಟಿನ 100 ಆಂಪಿಯರ್ ಅವರ್‌ನದು ಒಂದೇ, ಲಿಥಿಯಂ ಐರನ್ ಫಾಸ್ಫೇಟ್. 5.12 ಯೂನಿಟಿನಲ್ಲಿ ಶೇಕಡಾ 80 ಬಳಸಿ, ಇನ್ವರ್ಟರಿನಲ್ಲಿ ಹೋಗುವ ನಷ್ಟ ಕಳೆದರೂ ಮೂರೂವರೆ ಯೂನಿಟಿಗೂ ಜಾಸ್ತಿ ಕೈಗೆ ಸಿಗುತ್ತದೆ. ಒಂದು ರಾತ್ರಿಗೆ 2.3 ಸಾಕು.

ನೇರವಾಗಿ ಹೇಳಬೇಕೆಂದರೆ, ಮೂರು ದಿನ ಬೆಳಕೇ ಕಾಣದ ಮಳೆ ಹೊಡೆದರೆ ದೊಡ್ಡ ಬ್ಯಾಟರಿ ಇನ್ನೂ ಒಂದು ದಿನ ಎಳೆಯುತ್ತಿತ್ತು. ಆದರೆ ಆ ಒಂದು ದಿನದ ಬೆಲೆ ಒಂದು ಲಕ್ಷಕ್ಕೂ ಮೀರಿದ್ದು. ಎರಡು ಪ್ಯಾನೆಲ್‌ನ ಹೆಚ್ಚಿನ ಖರ್ಚು ಅದರ ಮುಂದೆ ಏನೂ ಅಲ್ಲ. ಮೇಲಾಗಿ 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಮೂರಕ್ಕೆ ಒಟ್ಟು 78,000 ರೂಪಾಯಿ, ಅದಕ್ಕಿಂತ ಮೇಲೆ ಇಲ್ಲ. ಬ್ಯಾಟರಿಗೆ ಒಂದು ಪೈಸೆಯೂ ಇಲ್ಲ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ಗಳದ್ದು ಆಗಿರಬೇಕು, ಪೋರ್ಟಲ್‌ನಲ್ಲಿ ನೋಂದಾಯಿಸಿದವರೇ ಕೂರಿಸಬೇಕು. ಇನ್ವರ್ಟರ್ ಮಾತ್ರ ಮುಂದೆ ಇನ್ನೊಂದು ಬ್ಯಾಟರಿ ಸೇರಿಸಲು ಜಾಗ ಇರುವಂಥದ್ದೇ ಬೇಕು ಎಂದು ಹಟ ಹಿಡಿದೆ. ಹೊಸ ಲೆಕ್ಕದಲ್ಲಿ ಎಲ್ಲಾ ಸೇರಿ ಮೂರೂವರೆ ಲಕ್ಷ. ಆಮೇಲೆ ಸಬ್ಸಿಡಿ ಭಾವನ ಖಾತೆಗೆ ಬಂತು.

ತಾರಸಿಯ ಮೇಲೆ ಅಡಿಕೆ

ಹಳೇ ಮನೆ ಹಂಚಿನದು. ಅದರ ಪಕ್ಕಾಸುಗಳ ಮೇಲೆ ತಲಾ 28 ಕಿಲೋದ ಪ್ಯಾನೆಲ್ ಹೊರಿಸಲು ನಾನು ಒಪ್ಪಲಿಲ್ಲ. ಉಳಿದದ್ದು ದಕ್ಷಿಣದಿಂದ ಉತ್ತರಕ್ಕೆ 30 ಅಡಿ, ಅಗಲ 24 ಅಡಿಯ ಹೊಸ ತಾರಸಿ. ಅಲ್ಲಿ ಅಕ್ಕ ಅಡ್ಡ ನಿಂತಳು.

"ಅಡಿಕೆ ಎಲ್ಲಿ ಹಾಕುವುದು? ಅಂಗಳ ಸಾಲುವುದಿಲ್ಲ ಅಂತಲೇ ತಾರಸಿ ಮಾಡಿಸಿದ್ದು."

ಅವಳು ಹೇಳಿದ್ದು ಸರಿ. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ 40 ದಿನದ ಬಿಸಿಲು ಬೇಕು. ಮನೆಯ ವರಮಾನವೇ ಅದು. ಅದರ ಮೇಲೆ ನೆರಳು ಬೀಳಿಸಿ ಕರೆಂಟ್ ಮಾಡುವುದರಲ್ಲಿ ಅರ್ಥ ಇಲ್ಲ.

ತಾರಸಿಯ ದಕ್ಷಿಣಕ್ಕೆ ಎರಡು ತೆಂಗಿನ ಮರ ಬೇರೆ. ಕೊಟೇಶನ್ ಕೊಟ್ಟವರು ಎರಡನ್ನೂ ಕಡಿಸಿ ಎಂದಿದ್ದರು. ಪ್ಯಾನೆಲ್‌ಗಳು ಒಂದಕ್ಕೊಂದು ಸರಪಳಿಯ ಹಾಗೆ ಜೋಡಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲಿಗೆ ಪೆಟ್ಟು ಕೊಡುತ್ತದೆ. ಅವರ ಹೆದರಿಕೆ ನ್ಯಾಯವೇ. ಆದರೆ ಕಾಯಿ ಬಿಡುವ ತೆಂಗನ್ನು ಅಳತೆ ಮಾಡದೆ ಕಡಿಯುವುದುಂಟೇ?

ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ನೆರಳು ಅತಿ ಉದ್ದ. ಸರಿಯಾಗಿ ಆ ವಾರ ಹೋದೆ. ನಮ್ಮದು 12.5 ಡಿಗ್ರಿ ಅಕ್ಷಾಂಶ. ಆ ದಿನ ಮಧ್ಯಾಹ್ನ ಸೂರ್ಯ 54 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಹತ್ತು ಅಡಿ ಎತ್ತರದ ವಸ್ತುವಿಗೆ ಏಳು ಅಡಿ ಚಿಲ್ಲರೆ ನೆರಳು. ತೆಂಗಿನ ತಲೆ ತಾರಸಿಗಿಂತ 33 ಅಡಿ ಮೇಲೆ, ನೆರಳು 24 ಅಡಿ. ಮರ ಇರುವುದು ತಾರಸಿಯ ಅಂಚಿನಿಂದ 13 ಅಡಿ ದೂರ. ಅಂದರೆ ತಾರಸಿಯ ಒಳಗೆ ಬರುವುದು 11 ಅಡಿ ಮಾತ್ರ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಉತ್ತರದ ಕೊನೆಯ ಏಳೂವರೆ ಅಡಿಯಲ್ಲಿ ಆರೂ ಪ್ಯಾನೆಲ್ ಒಂದೇ ಸಾಲಿನಲ್ಲಿ ಕೂರುತ್ತವೆ. ಬೆಳಗ್ಗೆ ಒಂಬತ್ತರವರೆಗೆ ಗರಿಯ ನೆರಳು ಒಂದು ಮೂಲೆಗೆ ತಾಗುತ್ತಿತ್ತು. ಅಷ್ಟನ್ನು ಬಿಟ್ಟುಕೊಟ್ಟೆವು. ಎರಡು ಮರವೂ ಉಳಿದವು.

ಉತ್ತರಕ್ಕೆ ಸರಿಸಿದ್ದರಿಂದ ಅಡಿಕೆಗೂ ದಾರಿ ಆಯಿತು. ಅಡಿಕೆ ಒಣಗಿಸುವ ತಿಂಗಳುಗಳಲ್ಲಿ ಸೂರ್ಯ ದಕ್ಷಿಣದಲ್ಲಿ ಇರುತ್ತಾನೆ, ಪ್ಯಾನೆಲ್‌ನ ನೆರಳು ಉತ್ತರಕ್ಕೆ, ಅಂದರೆ ಬಹುಪಾಲು ತಾರಸಿಯ ಆಚೆಗೆ ಬೀಳುತ್ತದೆ. ಫ್ರೇಮನ್ನು ಎಂಟು ಅಡಿ ಎತ್ತರಕ್ಕೆ ಏರಿಸಿದರೆ ಡಿಸೆಂಬರ್ ಮಧ್ಯಾಹ್ನ ಪ್ಯಾನೆಲ್‌ನ ಕೆಳಗಿನ ಏಳೂವರೆ ಅಡಿಯಲ್ಲೂ ಐದೂವರೆ ಅಡಿಯಷ್ಟು ಬಿಸಿಲು ನುಗ್ಗುತ್ತದೆ. ಇದನ್ನು ಅಕ್ಕನಿಗೆ ಒಂದು ತಗಡಿನ ತುಂಡು ಎತ್ತಿ ಹಿಡಿದು ನೆಲದಲ್ಲೇ ತೋರಿಸಿದೆ. ಆಮೇಲೆ ಒಪ್ಪಿದಳು.

ಎತ್ತರ ಜಾಸ್ತಿ ಆದಷ್ಟೂ ಗಾಳಿಯ ಎಳೆತ ಜಾಸ್ತಿ. ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಮುಂದಿನ ಮಳೆಗೆ ಸೋರಲು ಶುರು. ಅದಕ್ಕೆ ಕಾಂಕ್ರೀಟ್ ಪೀಠ ಕಟ್ಟಿ, ಗ್ಯಾಲ್ವನೈಸ್ ಮಾಡಿದ ಕಬ್ಬಿಣ ನಿಲ್ಲಿಸಿದೆವು. ಓರೆ 12 ಡಿಗ್ರಿ. ತೀರಾ ಚಪ್ಪಟೆ ಇಟ್ಟರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ.

ಬ್ಯಾಟರಿ ಅಟ್ಟಕ್ಕೆ ಹಾಕುವ ಎಂದರು ಭಾವ. ಬೇಡ ಎಂದೆ. ಅಲ್ಲಿ ಸೆಕೆ, ಹೊಗೆ, ಇಲಿ. ಜಗಲಿಯ ಪಕ್ಕದ ಕೋಣೆಯ ಉತ್ತರದ ಗೋಡೆಗೆ, ನೆಲದಿಂದ ಎರಡಡಿ ಮೇಲೆ ಕೂರಿಸಿದೆವು. ಅರ್ತಿಂಗ್ ಗುಂಡಿಗಳನ್ನು ಬಚ್ಚಲ ನೀರು ಹೋಗುವ ಕಡೆ ತೆಗೆಸಿದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತಿಂಗ್ ಕೈಕೊಡುತ್ತದೆ, ಸಿಡಿಲು ಬರುವುದೂ ಏಪ್ರಿಲ್ ಮೇಯಲ್ಲಿ ಮತ್ತು ಅಕ್ಟೋಬರ್ ಸಂಜೆಗಳಲ್ಲಿ. ಪ್ಯಾನೆಲ್ ಇರುವ ಡಿಸಿ ಕಡೆಗೂ ಮನೆಯ ಎಸಿ ಕಡೆಗೂ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು.

ಎರಡು ದಿನ ತಿಂದ ನ್ಯೂಟ್ರಲ್

2025ರ ಮಾರ್ಚ್‌ನಲ್ಲಿ ಎಲ್ಲಾ ಕೂರಿಸಿ ಆಯಿತು. ಆನ್ ಮಾಡಿದರೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್, ಟಕ್ ಎಂದು ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ.

ಮನೆಯ ವಯರಿಂಗ್ ಮೂವತ್ತು ವರ್ಷ ಹಳೆಯದು. ಬ್ಯಾಟರಿಯಿಂದ ಓಡಬೇಕಾದ ಸರ್ಕ್ಯೂಟ್‌ಗಳ ಫೇಸ್ ವಯರನ್ನು ಬೇರೆ ಮಾಡಿದ್ದೆವು. ಆದರೆ ಗೋಡೆಯೊಳಗೆ ಎಲ್ಲದಕ್ಕೂ ಒಂದೇ ನ್ಯೂಟ್ರಲ್, ಅಂದರೆ ಕರೆಂಟ್ ಮರಳಿ ಬರುವ ವಯರು, ಓಡಿತ್ತು. ಹೋಗುವ ಕರೆಂಟ್ ಒಂದು ದಾರಿ, ಬರುವುದು ಇನ್ನೊಂದು ದಾರಿ ಆದಾಗ ಆರ್‌ಸಿಸಿಬಿ ಅದನ್ನು ಸೋರಿಕೆ ಎಂದೇ ತಿಳಿಯುತ್ತದೆ. ಕೆಲವರು ಇಂಥ ಕಡೆ ಆರ್‌ಸಿಸಿಬಿಯನ್ನೇ ತೆಗೆದುಬಿಡುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಮನುಷ್ಯರನ್ನು ಶಾಕ್‌ನಿಂದ ಉಳಿಸುವುದು ಅದೇ.

ನಾನೂ ಇನ್ನೊಬ್ಬರೂ ಸೇರಿ ಒಂದೊಂದೇ ಸ್ವಿಚ್ ಬೋರ್ಡ್ ಬಿಚ್ಚಿದೆವು. ಅತ್ತೆಯ ಕೋಣೆ, ಅಡುಗೆಮನೆಯ ಫ್ರಿಜ್ ಪಾಯಿಂಟ್, ಚಾವಡಿ, ಹೀಗೆ ನಾಲ್ಕು ಕಡೆಗೆ ಹೊಸ ನ್ಯೂಟ್ರಲ್ ಎಳೆಯಲು ಎರಡು ದಿನ ಹಿಡಿಯಿತು. ಹಳೇ ಮನೆಗೆ ಬ್ಯಾಟರಿ ಕೂರಿಸುವವರು ಈ ಕೆಲಸಕ್ಕೂ ದುಡ್ಡು, ದಿನ ಎರಡನ್ನೂ ಮೊದಲೇ ತೆಗೆದಿಡಬೇಕು.

ಬಿಲ್ಲಿನ ವಿಷಯ ಚಿಕ್ಕದು. ಎರಡು ತಿಂಗಳಿಗೆ 500 ಯೂನಿಟ್ ದಾಟಿದರೆ ಹಂತ ಹಂತದ ದರ ಹೋಗಿ ಮೊದಲ ಯೂನಿಟಿನಿಂದಲೇ ಮೇಲಿನ ದರ ಬೀಳುತ್ತದೆ. ಅಕ್ಕನ ಮನೆ ಪ್ರತಿ ಬೇಸಿಗೆಯಲ್ಲೂ 560ರ ಹತ್ತಿರ ಹೋಗಿ ಆ ಗುಂಡಿಗೆ ಬೀಳುತ್ತಿತ್ತು. ಲೈನಿಗೆ ಕೊಟ್ಟ ಯೂನಿಟನ್ನು ಬಳಸಿದ್ದರಿಂದ ಕಳೆಯುವ ನೆಟ್ ಮೀಟರ್ ಬಂದ ಮೇಲೆ ಅದು ನಿಂತಿತು. ಫಿಕ್ಸೆಡ್ ಚಾರ್ಜ್ ಕಟ್ಟುವುದು ಇದ್ದೇ ಇದೆ.

ಆ ವರ್ಷದ ಮಳೆ

2025ರಲ್ಲಿ ಮಳೆಗಾಲ ಬೇಗ ಬಂತು. ಮೇ 24ಕ್ಕೇ ಕೇರಳಕ್ಕೆ ಮುಂಗಾರು. ಆ ವಾರವೇ ಒಂದು ಸಂಜೆ ಕರೆಂಟ್ ಹೋಯಿತು. ಬ್ಯಾಟರಿ ಪೂರ್ತಿ ತುಂಬಿತ್ತು. ಅಕ್ಕ ಅದೇ ಹಾಲಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಬೆಳಗ್ಗೆ ಎಂಟಕ್ಕೆ ಬ್ಯಾಟರಿಯಲ್ಲಿ ಶೇಕಡಾ 52. ಹಗಲು ಮಳೆಯಲ್ಲೇ ಏರಿ ಸಂಜೆ 76. ಮರುದಿನ ಬೆಳಗ್ಗೆ 29.

29 ನೋಡಿ ಭಾವನಿಗೆ ಹೆದರಿಕೆ ಆಯಿತು. ಫೋನ್ ಮಾಡಿದರು. 20ಕ್ಕೆ ಇಳಿದರೆ ತಾನಾಗಿ ನಿಲ್ಲುವ ಹಾಗೆ ಇಟ್ಟಿದ್ದೆವು. "ಭಾವ, ಟಿವಿ ಬೇಡ. ಇವತ್ತು ರಾತ್ರಿ ಹತ್ತಕ್ಕೆ ಫ್ರಿಜ್ ಆಫ್ ಮಾಡಿ, ಬಾಗಿಲು ತೆರೆಯಬೇಡಿ. ಬೆಳಗ್ಗೆ ಆರಕ್ಕೆ ಆನ್ ಮಾಡಿ. ಒಂದೇ ಫ್ಯಾನ್ ಸಾಕು" ಎಂದೆ. ಅವತ್ತು ಮಧ್ಯಾಹ್ನ ಎರಡು ಗಂಟೆ ಹೊತ್ತು ಮೋಡ ತೆಳುವಾಯಿತು, ಸಂಜೆಗೆ 63. ಮೂರನೇ ಬೆಳಗ್ಗೆ 30. ಹತ್ತೂವರೆಗೆ ಲೈನಿನಲ್ಲಿ ಕರೆಂಟ್ ಬಂತು.

ಆ ಮೂರು ರಾತ್ರಿಯೂ ಏರ್ ಬೆಡ್ ಇಳಿಯಲಿಲ್ಲ. ಅಕ್ಕ ಮಲಗಿದಳು.

ಎರಡನೇ ಬ್ಯಾಟರಿ ಬೇಕಾ ಎಂದು ಭಾವ ಒಮ್ಮೆ ಕೇಳಿದರು. ಇನ್ನೂ ಒಂದು ಜುಲೈ ನೋಡುವ ಎಂದಿದ್ದೇನೆ. ಡಿಸೆಂಬರ್‌ನಲ್ಲಿ ಹೋದಾಗ ಪ್ಯಾನೆಲ್ ಕೆಳಗೆ ಅಡಿಕೆ ಹರಡಿತ್ತು. ನೆರಳು ಶುರುವಾಗುವಲ್ಲಿ ಅಕ್ಕ ಸೀಮೆಸುಣ್ಣದ ಗೆರೆ ಎಳೆದಿದ್ದಳು. ಗೆರೆಯ ಈಚೆಗೆ ಅಡಿಕೆ, ಆಚೆಗೆ ಖಾಲಿ ಗೋಣಿಗಳು.